ನಡಾವಳಿ

ಯಾಕಿಮಾ. ಮಂಗಳವಾರ, ಸಂಜೆ ಆರೂವರೆ.
ಸೇಬಿನ ಶೆಡ್ಡಿನಿಂದ ನೇರ ಬಂದವರ ತೋಳಲ್ಲಿ ಇನ್ನೂ ಮೇಣದ ವಾಸನೆ.
ವಿಷಯ: ಮಕ್ಕಳು ರಾಷ್ಟ್ರಗೀತೆಯನ್ನು
ಸ್ಪ್ಯಾನಿಷಿನಲ್ಲಿ ಹಾಡಬಹುದೇ.
ತಲಾ ಮೂರು ನಿಮಿಷ, ಆಮೇಲೆ ಕೆಂಪು ದೀಪ.
ಬರೆದುಕೊಳ್ಳುವವಳು ನಾನು.

ಶುರುವಿಗೆ ಎಲ್ಲರೂ ಎದ್ದು ಇಂಗ್ಲಿಷಿನಲ್ಲೇ ಹಾಡಿದ್ದಾಯಿತು.
ದನಿ ಏರುವ ಕಡೆ ಅರ್ಧ ಸಭೆ
ಬರೀ ಬಾಯಾಡಿಸಿತು.

ಹೋಲೆನ್‌ಬೆಕ್ ಟೋಪಿ ತೆಗೆದ:
ನಾವು ಹಾಡುವುದು ಹಾಗಲ್ಲ, ಅಂದ.
ಅವನ ಮುತ್ತಜ್ಜನ ಗೋರಿಯ ಮೇಲಿರುವುದು ಜರ್ಮನ್ ಅಕ್ಷರ;
ಪಾಚಿ ಕೆರೆದು ತೆಗೆದ ಫೋಟೊ ಒಮ್ಮೆ ಅವನೇ ತೋರಿಸಿದ್ದ.
ಅದನ್ನು ಬರೆಯುವಂತಿಲ್ಲ.
ಆಡಿದ್ದಷ್ಟೇ ನಡಾವಳಿ.

ಯುಫೇಮಿಯಾ ತ್ಸಿಂತ್ಸುನ್, ಶಾಲೆಯ ಅಡುಗೆಯವಳು,
ಅನುವಾದ ಅವಳದೇ, ಮೈಕಿಗೆ ಬಾಗಿ:
ನಮ್ಮವ್ವನ ಮಾತು ಪುರೆಪೆಚಾ,
ಸ್ಪ್ಯಾನಿಷ್ ಅವಳಿಗೆ ಬೆತ್ತದ ಭಾಷೆ.
ಬಾವುಟದ ಕೆಳಗೆ ನಿಂತು ಅರ್ಥ ತಿಳಿಯದೆ ಹಾಡಿದಳು.
ಈಗ ಇಲ್ಲಿ ನನ್ನ ಮಗನೂ ಹಾಗೇ.
ನಾವು ಕೇಳಿದ್ದು ಇಷ್ಟೇ ಸ್ವಾಮಿ—
ದೀಪ.

ನಾವು, ನಾವು.
ಬೆರಳು ಅಲ್ಲೇ ತಡವರಿಸಿತು.
ಪಾವಗಡದ ಅಜ್ಜಿಯ ತೆಲುಗಿನಲ್ಲಿ ಅದಕ್ಕೆ ಎರಡು ಪದ:
ಕೇಳುವವರನ್ನೂ ಒಳಗೆ ಕರೆದುಕೊಂಡರೆ ಮನಂ,
ಹೊಸಿಲಾಚೆ ನಿಲ್ಲಿಸಿದರೆ ಮೇಮು.
ಬಾಯಿ ತೆರೆದ ಕೂಡಲೇ ತಿಳಿಯುತ್ತಿತ್ತು
ಪಂಕ್ತಿಗೆ ಎಷ್ಟು ಎಲೆ ಅಂತ.
ಇಂಗ್ಲಿಷಿನಲ್ಲಿ ಇರುವುದೊಂದೇ.
ನನ್ನ ಕನ್ನಡವೂ ಅಲ್ಲಿ ಕೈಕೊಟ್ಟಿತು.

ತೀರ್ಮಾನ: ಮುಂದಿನ ತಿಂಗಳು.
ಕುರ್ಚಿ ಮಡಿಸುವಾಗ ಹೋಲೆನ್‌ಬೆಕ್ ಕೇಳಿದ,
ಎಲ್ಲ ಬರೆದುಕೊಂಡೆಯಾ?

ಹಾಜರಿದ್ದವರು ನಲವತ್ತೊಂದು ಜನ.
ಬರೆಯುವವಳನ್ನು ಎಣಿಸುವ ರೂಢಿಯಿಲ್ಲ.