ಎರಡು ಅವನದು, ಮೂರು ನನ್ನದು

ದಸರಾ ವಸ್ತುಪ್ರದರ್ಶನದಿಂದ ನನ್ನ ತಮ್ಮ ಜವರೇಶ ತಂದ
ರೀಲು ಪಟಾಕಿಯ ಪಿಸ್ತೂಲು
ಬಂದ ಸಂಜೆಯೇ ಅಟ್ಟ ಹತ್ತಿತು.
'ಕಣ್ಣು ಹೋದ್ರೆ ನಿಮ್ಮಾವ ತಂದ್ಕೊಡ್ತಾನಾ?' ಅಂದೆ.
ಇಂಚರ ಅಳಲಿಲ್ಲ. ಏಣಿಯನ್ನು ನೋಡಿದಳು.

ಇವಳ ವಯಸ್ಸಿಗೆ ನಾನು
ಪಾಂಡವಪುರದ ಗದ್ದೆಯಲ್ಲಿ ಕುಡುಗೋಲು ಹಿಡಿದವಳು.
ಹೆಬ್ಬೆರಳು ಕುಯ್ದಾಗ ಅವ್ವ
ಅರಿಶಿನ ಮೆತ್ತಿ, 'ಬೆಳಕಿರೋವಾಗ್ಲೇ ಮುಗ್ಸು' ಅಂದಿದ್ದಳು.
ಆಟದ ಸಾಮಾನಲ್ಲ ಅದು,
ಯಾರೂ ಎತ್ತಿಡಲಿಲ್ಲ.

ಯರಗನಹಳ್ಳಿಯೆಲ್ಲ ಮಲಗಿದ ಮೇಲೆ
ಶಿವನಂಜ ಮೆಲ್ಲಗೆ ಏಣಿ ಇಟ್ಟ:
'ಎಷ್ಟು ಸದ್ದು ಬರುತ್ತೆ, ನೋಡೋಣ.'
ತಾರಸಿಯಲ್ಲಿ ಎರಡು ಅವನದು, ಮೂರು ನನ್ನದು.
ಮದ್ದಿನ ವಾಸನೆ ಮೂಗಿಗೇರಿ
ನಗು ತಡೆಯದೆ ತಿರುಗಿದರೆ

ಬಾಗಿಲಲ್ಲಿ ಇಂಚರ,
ಎರಡೂ ಕಿವಿ ಮುಚ್ಚಿಕೊಂಡು:
'ಚಪ್ಪಲಿ ಹಾಕಿಲ್ಲ ನೀವು.'