ಎಡ, ಬಲ

ಬ್ರೋಕನ್ ಹಿಲ್ ದಾಟಿದ ಮೇಲೆ ಬರೀ ಕೆಂಪು ದೂಳು.
ಮಂಪರಿನ ಸೂಜಿ ಚುಚ್ಚಿಸಿಕೊಂಡ ಕಾಂಗರೂ ತಾಯಿ
ಗೋಣಿಯ ಮೇಲೆ ಒರಗಿದೆ.
ವೆರೀನಾ ಹ್ಯಾಲೊರನ್ ಬೆರಳಿಗೆ ಬಿಸಿಯುಸಿರು ಊದಿ
ಹೊಟ್ಟೆಯ ಚೀಲ ಬಿಡಿಸುತ್ತಾಳೆ.

ಒಂದು ತೊಟ್ಟಿಗೆ ಕಚ್ಚಿಕೊಂಡಿದೆ
ಅವರೆಕಾಳಿನಷ್ಟು ಜೀವ, ಕಣ್ಣು ಇನ್ನೂ ಮೂಡಿಲ್ಲ;
ಅದಕ್ಕೆ ನೀರುನೀರು ಹಾಲು.
ಪಕ್ಕದ ಜೋಲುತೊಟ್ಟು, ಬೇಲಿಯಾಚೆ ನೆಗೆಯುತ್ತಿರುವ ಅಕ್ಕನದು.
ಅಲ್ಲಿ ಗಟ್ಟಿ, ಜಿಡ್ಡು,
ಬೆರಳಿಗಂಟಿದರೆ ತೊಳೆದರೂ ಹೋಗದು.

ನೆತ್ತರು ಒಂದೇ.
ಅದರಲ್ಲಿ ತೇಲಿಬಂದು ಕದ ತಟ್ಟುವ ಪ್ರೊಲ್ಯಾಕ್ಟಿನ್ ಒಂದೇ.
ಕೋಶ ಕೋಶದೊಳಗೂ ಅದೇ ನೂಲು, ಅದೇ ಸುರುಳಿ.
ಇಲ್ಲಿ ಸಡಿಲಿದ ಗಂಟು ಮಾತ್ರ
ಎರಡು ಬೆರಳು ಆಚೆಗೆ ಬಿಗಿದೇ ಇದೆ.

ಬಿಗಿದದ್ದು ಯಾರು?
'ಮೀಥೈಲಿನ ಮುದ್ರೆ ಅಂತ ಒಂದು ಊಹೆ' ಎಂದಳು.
'ಊಹೆಗೆ ಈ ವರ್ಷ ದುಡ್ಡು ಬಂದಿದೆ.'

ನೆರಳು ಜೀಪಿನಡಿ ಸರಿದ ಹೊತ್ತಿಗೆ
ಅವಳ ಫೋನು ಬಡಿದುಕೊಂಡಿತು.
ದೊಡ್ಡ ಮಗಳಿಗೆ ಗದರಿದಳು: ಲೆಕ್ಕ, ಷೂ, ಸುಳ್ಳು.
ಉಸಿರು ಬದಲಿಸದೆ
ಅದೇ ಬಾಯಲ್ಲಿ ಚಿಕ್ಕದಕ್ಕೆ ಲಲ್ಲೆಗರೆದಳು,
ಅರ್ಥವಿಲ್ಲದ ಏನೇನೋ.

ನಾನು ಐಸಿನ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಸೀಸೆಗಳ ಮೇಲೆ ಬರೆಯುತ್ತಿದ್ದೆ:
ಎಡ. ಬಲ. ಎಡ.