ಇದಲ್ಲ

ಹನ್ನೊಂದು ವರ್ಷದಿಂದ ಉಲಾನ್‌ಬಾತರಿನಲ್ಲಿ
ಟ್ರಾಲಿ ಬಸ್ಸು ಓಡಿಸುತ್ತೇನೆ.
ನೆತ್ತಿಯ ಮೇಲೆ ಎರಡು ತಂತಿ,
ತಂತಿ ತಿರುಗಿದಲ್ಲಿ ನಾನೂ ತಿರುಗುತ್ತೇನೆ.
ದಾರಿ ಆರಿಸುವುದು ನನ್ನ ಕೆಲಸವಲ್ಲ.

ಆದರೂ ಡಾಕ್ಟರ್ ಒಯೂನ್‌ಬಿಲೆಗ್
ಬಿಳಿ ಹಾಳೆಯ ಮೇಲೆ ಮೂರು ಗೆರೆ ಎಳೆದು
ಪೆನ್ನನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

ಮೊದಲ ಗೆರೆ ಇಲ್ಲೇ, ಇದೇ ಮಹಡಿಯಲ್ಲಿ:
ನಾಲ್ಕು ವಾರ ಕಟು ಮದ್ದು, ಬೆನ್ನಿಗೆ ಸೂಜಿ,
ಆಮೇಲೆ ಎರಡು ವರ್ಷ, ಇನ್ನೊಂದಿಷ್ಟು ತಿಂಗಳು, ಮಾತ್ರೆ.
ಎರಡನೆಯದು ಸಿಯೋಲಿಗೆ ಹೋಗುತ್ತದೆ:
ಅಕ್ಕನ ಮೂಳೆಯ ಮಜ್ಜೆ ತಮ್ಮನಿಗೆ ಹೊಂದಿದರೆ.
ಹೊಂದುವುದು ನಾಲ್ಕರಲ್ಲಿ ಒಂದು.
ಖರ್ಚನ್ನು ಅವರು ಬಾಯಲ್ಲಿ ಹೇಳಲಿಲ್ಲ, ಮೂಲೆಯಲ್ಲಿ ಸಣ್ಣಗೆ ಬರೆದರು.
ಮೂರನೆಯದು ಒಂದು ಅಧ್ಯಯನ:
ಯಾವ ಮಗುವಿಗೆ ಯಾವ ಮದ್ದು ಎಂದು
ಕಂಪ್ಯೂಟರು ಚೀಟಿ ಎತ್ತುತ್ತದೆ.

'ಏನೂ ಮಾಡದೆ ಬಿಟ್ಟರೆ?'
ಕೇಳಿದ್ದು ನನ್ನ ಗಂಡ.
ಆ ಗೆರೆಯನ್ನು ಅವರು ಎಳೆಯಲಿಲ್ಲ.
ಹಾಳೆಯ ಅಂಚನ್ನು ಉಗುರಿನಿಂದ ಮುಟ್ಟಿದರು, ಅಷ್ಟೇ.

ಮಗನ ಹೆಸರು ಎನೆಬಿಷ್.
ಎಂದರೆ, ಇದಲ್ಲ.
ಇವನಿಗಿಂತ ಮೊದಲು ಎರಡು ತೊಟ್ಟಿಲು ಬರಿದಾಗಿ
ಅತ್ತೆ ಇಟ್ಟ ಹೆಸರು.
ಹುಡುಕಿಕೊಂಡು ಬಂದದ್ದು ಹೊಸ್ತಿಲಲ್ಲಿ ನಿಂತು
'ಯಾರದು?' ಎಂದರೆ, 'ಇದಲ್ಲ' ಎಂದು ಕೇಳಿಸಿ
ಮುಂದಿನ ಮನೆಗೆ ಹೋಗಲಿ ಎಂದು.
ಮುಂದಿನ ಮನೆಯವರ ಬಗ್ಗೆ ಆಗ
ನಾವು ಯಾರೂ ಯೋಚಿಸಲಿಲ್ಲ.

ಈಗ ಆರು ಹಾಸಿಗೆಯ ಕೋಣೆ.
ಬೆಳಿಗ್ಗೆ ನರ್ಸು ಕೂಗುತ್ತಾಳೆ: ಇದಲ್ಲ!
ಅವನು ತೋಳು ಚಾಚುತ್ತಾನೆ.

ನಾನು ಮೊದಲ ಗೆರೆಗೆ ಸಹಿ ಹಾಕಿದೆ.
ಧೈರ್ಯದಿಂದ ಅಲ್ಲ. ಅದು ಹತ್ತಿರವಿತ್ತು,
ಅವತ್ತೇ ಸಂಜೆ ಶುರುವಾಗುತ್ತಿತ್ತು.

ಐದು ತುಂಬಿದ ಬೇಸಿಗೆಯಲ್ಲಿ ಅವನ ಮೊದಲ ಕೂದಲು ತೆಗೆಯಬೇಕಿತ್ತು.
ಕತ್ತರಿಗೆ ನೀಲಿ ರೇಷ್ಮೆ ಕಟ್ಟಿ
ಬಳಗದವರು ಒಬ್ಬೊಬ್ಬರೂ ಒಂದೊಂದು ಎಳೆ ಕತ್ತರಿಸಬೇಕಿತ್ತು.
ಸೋದರಮಾವ ಗ್ಯಾನ್‌ಹುಯಾಗ್ ಒಂದು ಕುದುರೆಮರಿ ಕೊಡುವವನಿದ್ದ.
ಹದಿನಾರನೆಯ ದಿನ
ದಿಂಬು ಯಾರನ್ನೂ ಕರೆಯದೆ
ತಾನೇ ಹಬ್ಬ ಮಾಡಿತು.

ಉಳಿದ ಜುಟ್ಟನ್ನಾದರೂ ಬಿಡಬಾರದೆಂದು
ಸ್ಪಿರಿಟ್ಟಿನಲ್ಲಿ ಅದ್ದಿದ ಕತ್ತರಿಗೆ
ನೀಲಿ ಗ್ಲೌಸಿನ ಒಂದು ಪಟ್ಟಿ ಕಟ್ಟಿದೆವು.
ಡಾಕ್ಟರು ಒಂದೆಳೆ, ಕಸ ಗುಡಿಸುವ ತೋಗ್ತೋಹ್ ಒಂದೆಳೆ,
ಕಿಟಕಿ ಪಕ್ಕದ ಹಾಸಿಗೆಯ ಸೊಲೊಂಗೋಳ ತಾಯಿ ಒಂದೆಳೆ.
ಮಾವ ಫೋನಿನಲ್ಲಿ ಮರಿಯ ಚಿತ್ರ ಕಳಿಸಿದ:
ಹಿಮದಲ್ಲಿ ನಾಲ್ಕು ಕಾಲು, ಸೊಟ್ಟಗೆ.

ಮೊನ್ನೆ ಸೇತುವೆಯ ಮೇಲೆ ನನ್ನ ಬಸ್ಸಿನ ಕೋಲು ತಂತಿಯಿಂದ ಜಾರಿತು.
ಮೂವತ್ತು ಡಿಗ್ರಿ ಮರಗಟ್ಟುವ ಚಳಿ.
ಇಳಿದು ಹಗ್ಗ ಹಿಡಿದು, ಕತ್ತೆತ್ತಿ,
ಮತ್ತೆ ತಂತಿಗೆ ಕೂರಿಸುವಷ್ಟರಲ್ಲಿ
ಪ್ರಯಾಣಿಕರು ಬೈದರು.
ಬೈಯಲಿ ಬಿಡಿ. ದೀಪ ಹತ್ತಿತು.

ಇಪ್ಪತ್ತೊಂಬತ್ತನೆಯ ದಿನ ಸೊಂಟದ ಮೂಳೆಗೆ ಸೂಜಿ ಇಳಿಸಿ ನೋಡುತ್ತಾರೆ,
ಮೊದಲ ಗೆರೆಯೇ ಸಾಕೋ, ಸಿಯೋಲ್ ಬೇಕೋ.
ಇವತ್ತು ಇಪ್ಪತ್ತಾರು.

ಸಂಜೆ ಅವನು ಸಲೈನಿನ ಕಂಬ ತಳ್ಳುತ್ತ ಹೊರಟ.
ನೆತ್ತಿಯ ಮೇಲಿಂದ ಇಳಿದ ನಳಿಕೆ ತೋರಿಸಿ,
'ಅಮ್ಮಾ, ನನ್ನ ಬಸ್ಸಿಗೆ ಒಂದೇ ತಂತಿ.'
ಹಾಸಿಗೆ ಹಾಸಿಗೆಯ ಮುಂದೆಯೂ ನಿಲ್ದಾಣ.
ಬಾಯಲ್ಲೇ ಫಿಸ್ಸ್ ಎಂದು ಬಾಗಿಲು ತೆಗೆದ,
ಹತ್ತಿಸಿಕೊಂಡ, ಮುಚ್ಚಿದ, ಹೊರಟ.
ಕಿಟಕಿ ಪಕ್ಕದ್ದು ನಿನ್ನೆಯಿಂದ ಖಾಲಿ.
ಅಲ್ಲೂ ನಿಲ್ಲಿಸಿದ.
ಬಾಗಿಲು ತೆಗೆದ.
ಕಾದ.